ನಾರಾವಿಗೆ ರಿವಾಲ್ವರ್ ನೋಡಲು ಹೋದೆವು

ನೀವು ಯಾವತ್ತಾದರೂ ರಿವಾಲ್ವರ್ ಹಿಡಿದಿದ್ದೀರಾ? ನಾನು ಮೊನ್ನೆ ಹಿಡಿದೆ. ಒಂದು ಕೈಯಲ್ಲಿ ಹಿಡಿಯುವ ಧೈರ್ಯ ಸಾಲದೆ ಎರಡೂ ಕೈಯಲ್ಲಿ ಹಿಡಿದೆ. ಒಳಗೆ ಗುಂಡು ಇರಲಿಲ್ಲ. ಇಲ್ಲ ಎಂದು ತೆರೆದು ತೋರಿಸಿದ ಮೇಲೂ ನಳಿಗೆಯನ್ನು ಗೋಡೆಯ ಕಡೆಗೇ ತಿರುಗಿಸಿದ್ದೆ.

ಗಾಬರಿಯಾಗಬೇಡಿ, ಕೊಳ್ಳುವವನು ನಾನಲ್ಲ. ನಮ್ಮ ಭಾವ. ಅಕ್ಕನ ಗಂಡ, ಬೆಳುವಾಯಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಜೀಪು, ಫ್ರಿಜ್ಜು, ಇನ್ವರ್ಟರ್, ಏನು ಕೊಂಡರೂ ಸೆಕೆಂಡ್ ಹ್ಯಾಂಡೇ ಕೊಳ್ಳುವವರು. ‘ಹಳೆಯದು ಗಟ್ಟಿ ಮಾರಾಯ, ಒಬ್ಬರ ಕೈಯಲ್ಲಿ ಪಳಗಿರ್ತದೆ’ ಎನ್ನುವುದು ಅವರ ಸಿದ್ಧಾಂತ. ನಾರಾವಿಯ ಹೆಗ್ಡೆಯವರ ಹತ್ತಿರ ಒಂದು ಹಳೆಯ ರಿವಾಲ್ವರ್ ಉಂಟು, ಕೊಡುತ್ತಾರಂತೆ ಎಂದು ಯಾರೋ ಹೇಳಿದ್ದೇ ತಡ, ಭಾನುವಾರ ಬೆಳಿಗ್ಗೆ ಜೀಪು ನಮ್ಮ ಮನೆಯೆದುರು ಹಾರನ್ ಹೊಡೆಯಿತು. ಹಿಂದಿನ ಸೀಟಿನಲ್ಲಿ ಅಕ್ಕ ಕೂತಿದ್ದಳು.

(ಲೈಸೆನ್ಸಿಗೆ ಅರ್ಜಿ ಹಾಕಿಯಾಗಿದೆ. ಪೊಲೀಸ್ ಎನ್‌ಕ್ವಯರಿ ಬಾಕಿ. ಅದು ಮುಗಿಯುವುದರೊಳಗೆ ಮಾಲು ನೋಡಿಟ್ಟುಕೊಳ್ಳುವ ಅವಸರ.)

ಭಾವನಿಗೆ ರಿವಾಲ್ವರ್ ಯಾಕೆ? ‘ಸೇಫ್ಟಿಗೆ’ ಎನ್ನುತ್ತಾರೆ. ವಿಷಯ ಅದಲ್ಲ. ಪಕ್ಕದ ಮನೆಯವರೊಂದಿಗೆ ದಾರಿಯ ತಕರಾರು. ಅವರು ದಾರಿಗೆ ಕಲ್ಲಿಟ್ಟರು, ಇವರು ಎತ್ತಿ ಬಿಸಾಡಿದರು, ಅವರು ಮತ್ತೆ ಇಟ್ಟರು. ಈಗ ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಬೈದಾಡಿಕೊಳ್ಳುವ ಹಂತಕ್ಕೆ ಬಂದಿದ್ದಾರೆ.

ಭಾವ ಕೆಟ್ಟವರಲ್ಲ. ಅಕ್ಕನಿಗೆ ಡೆಂಗ್ಯೂ ಆದಾಗ ಅಂಗಡಿಗೆ ಬೀಗ ಹಾಕಿ ಮೂಡುಬಿದಿರೆಯ ಆಸ್ಪತ್ರೆಯಲ್ಲಿ ನೆಲದ ಮೇಲೆ ಮಲಗಿದವರು. ಆದರೆ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಬೀಸಿ ಎಸೆಯುವ ಜನ. ಸಿಟ್ಟು ಇಳಿದ ಮೇಲೆ ಅವರೇ ಹೆಕ್ಕಿ ತರುತ್ತಾರೆ. ಇಲ್ಲಿಯವರೆಗೆ ಕೈಗೆ ಸಿಕ್ಕಿದ್ದು ಚೊಂಬು, ಟಿವಿ ರಿಮೋಟು, ಒಮ್ಮೆ ಮಿಕ್ಸಿಯ ಜಾರು. ಇನ್ನು ಮೇಲೆ?

ಹೆಗ್ಡೆಯವರು ಒಂದು ಕಾಲದಲ್ಲಿ ಮರದ ವ್ಯಾಪಾರ ಮಾಡಿದವರು. ಈಗ ಮಂಡಿನೋವು, ಮನೆಯಲ್ಲೇ ಇದ್ದಾರೆ. ನಮ್ಮನ್ನು ಹೆಣ್ಣು ನೋಡಲು ಬಂದವರ ಹಾಗೆ ಕೂರಿಸಿ ಚಾ, ಅವಲಕ್ಕಿ, ಬಾಳೆಹಣ್ಣು ಕೊಟ್ಟರು. ಊರು, ಬೆಳೆ, ಸಂಬಂಧಿಕರ ವಿಚಾರ ಮುಗಿದ ಮೇಲೆ ಒಳಗಿನಿಂದ ವೆಲ್ವೆಟ್ ಬಟ್ಟೆಯಲ್ಲಿ ಸುತ್ತಿದ ‘ಹುಡುಗಿ’ ಹೊರಗೆ ಬಂದಳು. ಹಿಡಿಯ ಮೇಲೆ ಆಯುಧಪೂಜೆಯ ಗಂಧದ ಬೊಟ್ಟು ಒಣಗಿ ಅಂಟಿಕೊಂಡಿತ್ತು.

‘ಯಾಕೆ ಕೊಡ್ತೀರಿ?’ ಭಾವ ಕೇಳಿದರು.

‘ಪ್ರತಿ ಎಲೆಕ್ಷನ್ನಿಗೂ ಇದನ್ನು ಸ್ಟೇಷನಿಗೆ ಹೊರಬೇಕಲ್ಲ ಮಾರಾಯ್ರೆ. ಈ ಕಾಲಲ್ಲಿ ನನಗೆ ಆಗುವುದಿಲ್ಲ.’

ನಮ್ಮ ಕಡೆ ಲೈಸೆನ್ಸ್ ಇರುವ ಮನೆಗಳಿಗೆಲ್ಲ ಗೊತ್ತಿರುವ ಕಥೆ ಇದು. ಚುನಾವಣೆ ಘೋಷಣೆಯಾದರೆ ಕೋವಿ, ರಿವಾಲ್ವರ್ ಎಲ್ಲವನ್ನೂ ಠಾಣೆಗೆ ಒಪ್ಪಿಸಬೇಕು. ಫಲಿತಾಂಶ ಬಂದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಅಷ್ಟು ದಿನ ಮಂಗಗಳಿಗೆ, ಹಂದಿಗಳಿಗೆ ಹಬ್ಬ ಎಂದು ಕೃಷಿಕರು ಪ್ರತಿ ಸಲ ಗೊಣಗುತ್ತಾರೆ. ನಾನೂ ಇದೇ ಅಂಕಣದಲ್ಲಿ ಅವರ ಪರವಾಗಿ ಗೊಣಗಿದ್ದುಂಟು.

ಗಂಡಸರಿಬ್ಬರೂ ಬೆಳಕಿನಲ್ಲಿ ಮಾಲು ನೋಡಲು ಅಂಗಳಕ್ಕೆ ಇಳಿದರು. ನಾನು ಹಿಡಿದು ನೋಡಿದ್ದು ಸಾಕಾಗಿತ್ತು, ಚಾವಡಿಯಲ್ಲೇ ಉಳಿದೆ. ಹೆಗ್ಡೆಯವರ ಹೆಂಡತಿ ಅಕ್ಕನ ಪಕ್ಕ ಬಂದು ಕೂತರು. ಅಂಗಳದ ಕಡೆ ಒಮ್ಮೆ ನೋಡಿ ಮಾತು ತೆಗೆದರು. (ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.)

‘ಕೊಡುವುದು ಕಾಲುನೋವಿಗೆ ಅಂತ ಹೇಳಿದ್ರಲ್ಲ, ಅದು ಸುಳ್ಳು. ಕೊಟ್ಟುಬಿಡಿ ಅಂತ ಹಿಂದೆ ಬಿದ್ದವಳು ನಾನು. ಎಲೆಕ್ಷನ್ ಬಂದ್ರೆ ಊರಿಗೆಲ್ಲ ತಾಪತ್ರಯ, ನನಗೆ ಮಾತ್ರ ನಿದ್ದೆ. ಅದು ಸ್ಟೇಷನಿನಲ್ಲಿ ಇರ್ತದಲ್ಲ. ಸರಕಾರ ಬೀಳ್ತದಂತೆ ಅಂತ ಟಿವಿಯಲ್ಲಿ ಬಂದ್ರೆ, ಬೀಳಲಿ ದೇವರೇ ಅಂತ ಕೈ ಮುಗಿದದ್ದುಂಟು. ಯಾವ ಪಾರ್ಟಿ ಅಂತ ಸಹ ನೋಡ್ಲಿಲ್ಲ.’

ನನಗೆ ನಗು ಬಂತು. ಅಕ್ಕ ನಗಲಿಲ್ಲ.

‘ಏನಾಗಿತ್ತು?’ ಎಂದು ಕೇಳಿದಳು.

‘ಏನೂ ಆಗ್ಲಿಲ್ಲ. ಅವರ ತಮ್ಮನ ಹತ್ತಿರ ಒಂದು ಹಲಸಿನ ಮರದ ವಿಷಯಕ್ಕೆ ಜಗಳ. ಅಂಗಳದಲ್ಲಿ ಮಾತಿಗೆ ಮಾತು ಬೆಳೀತು. ಇವರು ಸೀದಾ ಒಳಗೆ ಬಂದ್ರು. ಯಾಕೆ ಬಂದ್ರು ಅಂತ ನನಗೆ ಗೊತ್ತಾಯ್ತು. ಓಡಿಹೋಗಿ ಕಪಾಟಿಗೆ ಬೆನ್ನು ಕೊಟ್ಟು ನಿಂತೆ. ಆಚೆ ಸರಿ ಅಂದ್ರು, ಸರಿಯಲಿಲ್ಲ. ಎಳೆದ್ರು, ಬಿಡಲಿಲ್ಲ. ತಮ್ಮ ಗೇಟು ದಾಟಿ ಹೋದ ಮೇಲೆ ಇವರು ಅಲ್ಲೇ ನೆಲದಲ್ಲಿ ಕೂತ್ರು.’

‘ಆಮೇಲೆ?’

‘ಆಮೇಲೆ ಅವರಿಗೆ ಮರೆತೇ ಹೋಯ್ತು. ಈಗ ಅಣ್ಣ ತಮ್ಮ ಚೆನ್ನಾಗಿದ್ದಾರೆ, ಹಬ್ಬಕ್ಕೆ ಒಟ್ಟಿಗೆ ಕೂತು ಊಟ ಮಾಡ್ತಾರೆ. ಆ ಕಪಾಟು ಬಿಟ್ಟು ದೂರ ಹೋಗ್ಲಿಕ್ಕೆ ಆಗದ್ದು ನನಗೆ. ತವರಿಗೆ ಹೋದ್ರೂ ಸಂಜೆಯೊಳಗೆ ವಾಪಸು.’ ಇಷ್ಟು ಹೇಳಿ ಅಕ್ಕನ ಕೈಮೇಲೆ ಕೈ ಇಟ್ಟರು. ‘ನಿಮಗೆ ದಾಟಿಸ್ತಾ ಇದ್ದೇನಲ್ಲ ತಂಗಿ, ಬೇಜಾರು ಮಾಡಬೇಡಿ. ನನಗೂ ಸಾಕಾಯ್ತು.’

ಅಂಗಳದಿಂದ ಭಾವನ ಜೋರು ನಗು ಕೇಳಿತು. ಮಾಲು ಒಪ್ಪಿಗೆಯಾಗಿತ್ತು.

ಬರುವಾಗ ಶಿರ್ತಾಡಿಯಲ್ಲಿ ಚಾಕ್ಕೆ ನಿಂತೆವು. ಭಾವ ಫೋನಿನಲ್ಲಿ ಮಾತಾಡುತ್ತಾ ಹೋಟೆಲಿನ ಹೊರಗೆ ಹೋದರು. ನಾನು ಕೇಳಿದೆ, ‘ಅಕ್ಕಾ, ಬೇಡ ಅಂತ ಹೇಳುವಾ?’

‘ನಾನು ಹೇಳಿದ್ರೆ ಅವರಿಗೆ ಹಠ ಜಾಸ್ತಿ. ನೀನು ಹೇಳಿದ್ರೆ ನಾನು ಹೇಳಿಸಿದ್ದು ಅಂತ.’ ಅವಳು ಚಾ ಕುಡಿಯಲಿಲ್ಲ. ಸುಮ್ಮನೆ ಲೋಟ ತಿರುಗಿಸುತ್ತಾ ಕೂತಳು.

ಆದರೂ ಜೀಪು ಹತ್ತುವಾಗ ಹೇಳಿದೆ. ದಾರಿಯ ತಕರಾರಿಗೆ ಸರ್ವೇಯರನ್ನು ಕರೆಸುವಾ, ಭಾವ, ಇದು ಬೇಡ ಎಂದೆ. ಭಾವ ನನ್ನ ಬೆನ್ನಿಗೆ ಗುದ್ದಿದರು. ‘ನೀನು ಪೆನ್ನು ಹಿಡಿಯುವವ ಮಾರಾಯ, ನಿನಗೆ ಪುಕ್ಕಲು ಇದ್ದದ್ದೇ. ನಾನೇನು ಹೊಡೀಲಿಕ್ಕೆ ತಗೊಳ್ಳುವುದಾ? ಉಂಟು ಅಂತ ಆಚೆಯವನಿಗೆ ಗೊತ್ತಾದ್ರೆ ಸಾಕು.’

ಗೊತ್ತಾದರೆ ಸಾಕು! ಹೆಗ್ಡೆಯವರೂ ಒಂದು ದಿನ ಹೀಗೆಯೇ ಹೇಳಿ ತಂದಿರಬೇಕು. ಹೊಡೆಯುತ್ತೇನೆ ಎಂದು ಹೇಳಿ ರಿವಾಲ್ವರ್ ಕೊಂಡವರನ್ನು ನೀವು ನೋಡಿದ್ದೀರಾ? ಎಲ್ಲರೂ ಕೊಳ್ಳುವುದು ಹೆದರಿಸಲಿಕ್ಕೇ. ಹೆದರಬೇಕಾದವನು ಬೇಲಿಯಾಚೆ ಆರಾಮವಾಗಿ ಗೊರಕೆ ಹೊಡೆಯುತ್ತಾನೆ. ಹೆದರಿಕೆ ಮಾತ್ರ ತಂದವನ ಮನೆಯೊಳಗೇ ಇರುತ್ತದೆ, ಅವನ ಹೆಂಡತಿಗೆ ಅಂಟಿಕೊಂಡು. ಬಾಗಿಲು ತಟ್ಟಿದರೆ, ಧ್ವನಿ ಏರಿದರೆ, ಗಂಡ ಎದ್ದು ಒಳಗೆ ಹೋದರೆ ಅವಳ ಜೀವ ಬಾಯಿಗೆ ಬರುತ್ತದೆ. ಇದಕ್ಕೆ ಸೇಫ್ಟಿ ಎಂದು ಹೆಸರು.

ಆ ದಿನದಿಂದ ನನಗೆ ಸಮಾಧಾನವಿಲ್ಲ. ಅಕ್ಕ ದಿನಾ ಫೋನು ಮಾಡುತ್ತಾಳೆ, ಸಾರಿಗೆ ಏನು ಹಾಕಿದೆ ಎಂದು ಕೇಳುತ್ತಾಳೆ, ಇಡುತ್ತಾಳೆ. ಮಾಲು ಬರುವ ಮೊದಲೇ ಬೆಡ್‌ರೂಮಿನ ಕಪಾಟಿಗೆ ಭಾವ ಹೊಸ ಲಾಕು ಹಾಕಿಸಿದ್ದನ್ನು ನಡುವೆ ಒಮ್ಮೆ ಹೇಳಿದಳು. ಅಂಗಡಿಯ ಸ್ಟಾಕಿನಿಂದಲೇ ತಂದದ್ದಂತೆ, ಒಳ್ಳೆಯ ಕಂಪೆನಿಯದ್ದಂತೆ. ಬೀಗದ ಕೈ ಒಂದೇ, ಅದು ಅವರ ಕಿಸೆಯಲ್ಲಿ.

ಈ ಭಾನುವಾರ ನಾನು ಅವರ ಮನೆಯಲ್ಲಿದ್ದಾಗ ಎನ್‌ಕ್ವಯರಿಗೆ ಪೊಲೀಸಿನವರೊಬ್ಬರು ಬಂದರು. ಮಧ್ಯವಯಸ್ಸಿನ, ಮೆತ್ತಗೆ ಮಾತಾಡುವ ಮನುಷ್ಯ. ಬರುವ ದಾರಿಯಲ್ಲೇ ಪೇಟೆಯಲ್ಲಿ ವಿಚಾರಿಸಿಯಾಗಿತ್ತು. ಅಂಗಡಿಯವರು, ರಿಕ್ಷಾದವರು, ಪಂಚಾಯತು ಮೆಂಬರು ಎಲ್ಲರೂ ಭಾವನ ಬಗ್ಗೆ ಒಳ್ಳೆಯದೇ ಹೇಳಿದ್ದರು. ಸುಳ್ಳೇನಲ್ಲ. ಭಾವ ಪೇಟೆಯಲ್ಲಿ ಚೊಂಬು ಎಸೆದವರಲ್ಲ.

ಅಕ್ಕ ಚಾ ತಂದಳು. ‘ಕೇಸು ಗೀಸು ಏನೂ ಇಲ್ವಲ್ಲ?’ ಎಂದು ಅವರು ಭಾವನನ್ನು ಕೇಳಿದರು. ನನ್ನ ಕಡೆ ತಿರುಗಿ, ‘ನೀವು ಹೆಂಡತಿಯ ತಮ್ಮ ಅಲ್ವಾ ಸರ್? ಜನ ಹೇಗೆ?’ ಎಂದರು. ಭಾವ ನನ್ನನ್ನೇ ನೋಡುತ್ತಿದ್ದರು. ಅಕ್ಕ ಖಾಲಿ ಟ್ರೇಯನ್ನು ಎದೆಗೆ ಒತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನಾನು ಹೇಳಿದೆ, ‘ನನಗಿಂತ ಅಕ್ಕನಿಗೆ ಚೆನ್ನಾಗಿ ಗೊತ್ತುಂಟು. ಅವಳನ್ನು ಕೇಳಿ. ಇವರೆದುರು ಬೇಡ, ಬೇರೆಯಾಗಿ ಕೇಳಿ.’

ಭಾವನ ಮುಖ ಕೆಂಪಾಯಿತು. ಪೊಲೀಸಿನವರು ನಾನು ತಮಾಷೆ ಮಾಡಿದೆ ಎಂದುಕೊಂಡು ನಕ್ಕುಬಿಟ್ಟರು.

‘ಹೆಂಗಸರನ್ನು ಯಾಕೆ ಸರ್ ಇದಕ್ಕೆಲ್ಲ ಎಳೆಯುವುದು? ನಾವು ಕೇಳುವುದು ಹೊರಗಿನವರಿಗೆ ಇವರಿಂದ ಏನಾದ್ರೂ ತೊಂದರೆ ಉಂಟಾ ಅಂತ.’

ಅಕ್ಕ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಹೊರಗಿನವರನ್ನೆಲ್ಲ ಕೇಳಿಯಾಯಿತು ಸ್ವಾಮಿ, ಆ ಕಪಾಟಿನ ಪಕ್ಕದಲ್ಲಿ ಮಲಗುವವಳನ್ನು ಕೇಳುವವರು ಯಾರು?