ಎರಡು ಆಣಿಗಳ ನಡುವಿನ ಮೊಳ

ದರ್ಬೆ ಪೇಟೆಯಲ್ಲಿ ನಮ್ಮದೊಂದು ಸಣ್ಣ ಹೂವಿನ ಅಂಗಡಿ. ನಾನು ಹೂ ಕಟ್ಟುದು, ಹೆಂಡತಿ ಮೊಳ ಹಾಕಿ ಕೊಡುದು. ಅವಳು ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ತಾನೇ ಕೈ ಚಾಚಿ, "ಅಳತೆ ತೆಗೆದಿಡಿ, ಅಂಗಡಿಗೆ ಬೇಕಾಗ್ತದೆ" ಎಂದಳು. ಬಾಳೆನಾರಿನಲ್ಲಿ ಅಳೆದುಕೊಂಡೆ. ಅವಳು ತೀರಿಹೋದ ಮೇಲೆ ಅದೇ ಅಳತೆಗೆ ಹಲಗೆಯ ಮೇಲೆ ಎರಡು ಆಣಿ ಹೊಡೆದೆ.

ಕಳೆದ ತಿಂಗಳು ಅಳತೆಯ ಇಲಾಖೆಯವರೊಬ್ಬರು ಬಂದರು. ನನ್ನ ಮೊಳ ಗಿಡ್ಡ ಎಂದು ಯಾರೋ ದೂರು ಕೊಟ್ಟಿದ್ದರಂತೆ.

"ಮೀಟರಿನಲ್ಲಿ ಕೊಡಿ ಮಾರಾಯ್ರೆ, ತಕರಾರೇ ಇಲ್ಲ."

"ನಿಮ್ಮ ಮೀಟರ್ ಸರಿ ಉಂಟು ಅಂತ ಹೇಳಿದ್ದು ಯಾರು?" ಎಂದೆ. ನನಗೆ ಆ ಮನುಷ್ಯನ ಮೇಲೆಯೇ ಸಂಶಯ.

ಅವರು ನಕ್ಕು ವಿವರಿಸಿದರು. ಮೊದಲು ಭೂಮಿಯನ್ನು ಅಳೆದು ಮೀಟರ್ ಮಾಡಿದರಂತೆ. ಅದು ಒಂದೆರಡು ಕೂದಲಿನ ದಪ್ಪದಷ್ಟು ತಪ್ಪಿತ್ತಂತೆ. ಆಮೇಲೆ ಲೋಹದ ಕೋಲು ಇಟ್ಟರಂತೆ. ಈಗ ಬೆಳಕಿನ ಓಟದ ಲೆಕ್ಕವಂತೆ.

"ಇಷ್ಟು ಸಲ ಬದಲಾದದ್ದನ್ನು ನಾನು ನಂಬುದಾ? ಇದು ನನ್ನ ಹೆಂಡತಿಯ ಕೈ. ಇದರಲ್ಲಿ ಮೋಸ ಇಲ್ಲ."

ಹೂವಿಗೆ ಬಂದು ನಿಂತಿದ್ದ ಐಸಮ್ಮ ನಮ್ಮ ಹಳೆ ಗಿರಾಕಿ. "ದೂರು ಕೊಟ್ಟದ್ದು ನಾನೇ ಅಣ್ಣ. ಕೈ ಅವಳದ್ದೇ ಇರ್ಬಹುದು. ಆದರೆ ಅವಳು ಮೊಳ ಹಾಕಿ, ಮತ್ತೆ ನಾಲ್ಕು ಬೆರಳು ಹೆಚ್ಚು ಬಿಟ್ಟೇ ಕತ್ತರಿಸುದು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ತಲೆ ಬಗ್ಗಿಸಿ ಹೂ ಕಟ್ಟುತ್ತಾ ಕೂತವ ನಾನು.

ಒಂದು ಆಣಿ ಕಿತ್ತು ನಾಲ್ಕು ಬೆರಳು ಆಚೆ ಹೊಡೆದೆ. ಇಷ್ಟು ವರ್ಷ ಅವಳು ಇದನ್ನು ನನಗೆ ಹೇಳಲೇ ಇಲ್ಲ. ಹೇಳಿದ್ದರೆ ನಾನು ಬೈಯುತ್ತಿದ್ದೆ, ಅದೂ ನಿಜ.