ವೀರಗಲ್ಲಿಗೆ ನಾನು ಕಟ್ಟಿದ ಕತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸಹ್ಯಾದ್ರಿ ಘಟ್ಟದ ಮೇಲಿನ ಆ ಮೂವತ್ತು ಮನೆಗಳ ಊರಿನ ಇತಿಹಾಸಕ್ಕೆ ಉಗುರುಬಣ್ಣ ಬಳಿಸಿದವನು ನಾನೇ.

ಧಾರವಾಡ ಸೀಮೆ ಬಿಟ್ಟು ಪುಣೆಗೆ ಬಂದು ಎರಡು ವರ್ಷ. ಕೋಥರೂಡದಲ್ಲಿ ಬಾಡಿಗೆ ಕೋಣೆ, ಬೇಳೆಸಾರಿಗೂ ಬೆಲ್ಲ, ‘ರೊಟ್ಟಿ’ ಎಂದರೆ ‘ಭಾಕರಿ ಅನ್ನು’ ಎಂದು ತಿದ್ದುವ ಮೆಸ್ಸು ನಡೆಸುವ ಹೆಂಗಸು, ಎಲ್ಲರ ‘ಕಾಕೂ’. ಅವರನ್ನು ಅವರೆದುರೇ ಅಣಕಿಸುತ್ತ ಮರಾಠಿ ಕಲಿತೆ. ಅಣಕಿಸುವ ಈ ಗಂಟಲನ್ನು ನಂಬಿ ಪ್ರವಾಸದ ಏಜೆಂಟನೊಬ್ಬ ಭಾನುವಾರಗಳಿಗೆ ನನ್ನನ್ನು ಗೈಡ್ ಮಾಡಿದ. ಹಿಂಜವಾಡಿಯ ಐಟಿ ಕಂಪನಿ ಜನರನ್ನು ಗುಡ್ಡ ಹತ್ತಿಸಿ ‘ಪರಂಪರೆ’ ತೋರಿಸುವ ಕೆಲಸ.

ಮೊದಲ ದಿನ ಬೆಚ್ಚಿಬಿದ್ದವನು ನಾನು. ಆ ಘಟ್ಟದೂರಿನ ಮುಂದೆ ನಿಂತಿದ್ದ ಕಲ್ಲು ನಮ್ಮೂರಿನದರಂತೆಯೇ! ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ನಮ್ಮ ವೀರಗಲ್ಲಿಗೆ ಇಲ್ಲಿ ‘ವೀರಗಳ’ ಎನ್ನುತ್ತಾರೆ.

“ಇದರ ಸ್ಟೋರಿ ಏನ್ ಗುರು?” ಎಂದ ಬೆಂಗಳೂರಿನವನೊಬ್ಬ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇಲ್ಲ. ಆಗಷ್ಟೇ ನೀರು ಕೊಟ್ಟಿದ್ದ ಆ ಊರಿನ ಮುದುಕಿ ಸೋನಾಬಾಯಿ ಆಜಿಯ ನಡುಗುವ ದನಿ ಕದ್ದು, ಪ್ರೇಮಿಗಾಗಿ ಕಾದು ಕಲ್ಲಾದ ಹುಡುಗಿಯ ಕತೆ ಬಿಟ್ಟೆ. ಇಲ್ಲಿ ಹೆಸರು ಬರೆದವರ ಮದುವೆ ಆಗೇ ಆಗುತ್ತದೆ ಎಂದೂ ಸೇರಿಸಿದೆ. ಚಪ್ಪಾಳೆ ಬಿತ್ತು.

ಮಳೆಗಾಲ ಮುಗಿದ ಮೇಲೆ ಮತ್ತೊಂದು ಬಸ್ಸಿನ ಜನರನ್ನು ಕರೆದುಕೊಂಡು ಹೋದೆ. ವೀರನ ಎದೆಯ ಮೇಲೆ ಉಗುರುಬಣ್ಣದ ಹೃದಯಗಳು, ಜೋಡಿ ಹೆಸರುಗಳು. ಕುದುರೆಯ ಬಾಯಿಗೆ ಅಗಿದ ಚೂಯಿಂಗ್ ಗಮ್. ಅಪ್ಸರೆಗೆ ಮೀಸೆ. ಬುಡದಲ್ಲಿ ಹಳಸಿದ ವಡಾಪಾವ್, ಅದರ ತುಂಬ ನೊಣ. ಅಷ್ಟಕ್ಕೂ ಮಿಕ್ಕಿ ನಾರುತ್ತಿದ್ದದ್ದು ನನ್ನ ಕತೆ.

ಕಲ್ಲಿನೆದುರು ಸೋನಾಬಾಯಿ ಗಿಂಡಿ ಹಿಡಿದು ನಿಂತಿದ್ದರು. ಮನೆಯ ಹಸು ಕರು ಹಾಕಿತ್ತು. ಗಿಣ್ಣದ ಹಾಲನ್ನು ಮೊದಲು ಈ ಕಲ್ಲಿಗೆ ಎರೆಯದೆ ಆ ಊರಿನಲ್ಲಿ ಯಾರೂ ಬಾಯಿಗಿಡುವುದಿಲ್ಲ. ಎರೆಯಲು ಚೊಕ್ಕ ಜಾಗವೇ ಇಲ್ಲ. ಬಸ್ಸಿನವರು ಬೇರೆ, “ಆಜಿ, ಒಂದು ಸೆಲ್ಫಿ!”

ಆಜಿಯ ಮರಾಠಿಯನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ.

“ಯಾವ ಮೂಳ ಹೇಳಿದ್ನೋ ಆ ಲಗ್ನದ ಕತಿ?”

“ನಾನ ರೀ ಆಜಿ. ಅದೂ ನಿಮ್ಮ ದನಿಯೊಳಗ.”

ಆಜಿ ನಗಲಿಲ್ಲ. ನೀರು ತಂದು ತೆಂಗಿನ ನಾರಿನಿಂದ ಉಜ್ಜಿದೆ. ಗಮ್ ಬೆರಳಿಗೆ ಅಂಟಿತು, ಹೃದಯಗಳು ಹೋಗಲಿಲ್ಲ. ಕೊನೆಗೆ ಆಜಿ ಅದರ ಮೇಲೆಯೇ ಹಾಲೆರೆದರು.

“ಖರೇ ಕತಿ ಹೇಳ್ರಿ ಆಜಿ. ಇನ್ನ ಮ್ಯಾಲೆ ಅದನ್ನ ಹೇಳ್ತೇನಿ. ನಮ್ಮೂರಾಗೂ ಇಂಥಾ ಕಲ್ಲ ಅದರೀ, ಕೆರಿ ದಂಡಿಗೆ.”

“ಹೌದಾ? ಅದು ಯಾರದು?”

ಚಿಕ್ಕವರಿದ್ದಾಗ ನಮ್ಮೂರಿನ ಆ ಕಲ್ಲಿಗೆ ಚಪ್ಪಲಿಯ ಕೆಸರು ಒರೆಸುತ್ತಿದ್ದೆವು. ನನಗೆ ಗೊತ್ತಿದ್ದದ್ದು ಅಷ್ಟೇ. ಅಲ್ಲಿಗೂ ಇಲ್ಲಿಗೂ ನಾನು ಬಸ್ಸಿನವನೇ.

ಆಜಿ ಖಾಲಿ ಗಿಂಡಿ ಎತ್ತಿಕೊಂಡರು.

“ಮೊದಲ ಹೋಗಿ ನಿಮ್ಮವ ಯಾರಂತ ಕೇಳ್ಕೊಂಡ ಬಾ, ತಮ್ಮಾ. ಆಮ್ಯಾಲೆ ನಮ್ಮವ ಯಾರಂತ ಹೇಳ್ತೇನಿ.”