ಬಿರುಕಿನ ಮೇಲಿನ ಗಾಜು

ಬಣ್ಣ ಹೊಡೆಯಲು ಬಂದವರು ನಡುಮನೆಯ ಕ್ಯಾಲೆಂಡರ್ ತೆಗೆದರು. ಅದರ ಹಿಂದೆ ಗೋಡೆಯ ಮೇಲೆ ಬೆರಳಗಲದ ಒಂದು ಗಾಜಿನ ಪಟ್ಟಿ, ಎರಡು ತುದಿಗೂ ಗಾರೆ ಮೆತ್ತಿ ಅಂಟಿಸಿದ್ದು. "ಮೇಡಂ, ಇದನ್ನ ಕಿತ್ತಾಕ್ಬುಡ್ಲಾ?" ಎಂದರು. "ಅಯ್ಯೋ, ಮುಟ್ಟಬೇಡಿ ಕಣ್ರೀ!" ಎಂದು ನಾನು ಕೂಗಿದ ರಭಸಕ್ಕೆ, ಪಾಪ, ಅವರು ಏಣಿಯಿಂದ ಬೀಳುವುದೊಂದು ಬಾಕಿ. ಮನೆಯೆಲ್ಲ ಒದ್ದೆ ಸುಣ್ಣದ ವಾಸನೆ. ಆ ವಾಸನೆಯೊಳಗಿಂದ, ಹಿಂದೆ ಈ ಗಾಜು ಅಂಟಿಸಿದ್ದ ಮೇಸ್ತ್ರಿ ನೆನಪಿಗೆ ಎದ್ದು ಬಂದರು... ತಲೆಗೆ ಸುತ್ತಿದ ಟವೆಲ್ಲು, ಕಿವಿಗೆ ಸಿಕ್ಕಿಸಿದ ಮೋಟು ಪೆನ್ಸಿಲ್ಲು.

ಒಂಟಿಕೊಪ್ಪಲಿನ ಈ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ನಡುಮನೆಯ ಕೆಂಪು ನೆಲ ಆಗಲೇ ಒಂದು ಮೂಲೆಗೆ ಕುಸಿದಿತ್ತು. ನಿಂಬೆಹಣ್ಣು ಕೈಜಾರಿದರೆ ಹುಡುಕಬೇಕಿರಲಿಲ್ಲ, ನೇರ ಆ ಮೂಲೆಗೇ ಹೋಗಿ ಕೂರುತ್ತಿತ್ತು. ಮಧ್ಯಾಹ್ನದ ಬಿಸಿಲೂ ಆ ತಗ್ಗಿನಲ್ಲಿ ನೀರಿನ ಹಾಗೆ ನಿಂತಿರುತ್ತಿತ್ತು. ಬರಿಗಾಲಲ್ಲಿ ನಡೆದರೆ ಯಾರೋ ಮೆಲ್ಲಗೆ ಕೈಹಿಡಿದು ಅತ್ತ ಕರೆದಂತೆ... ಈಗ ಹೀಗೆಲ್ಲ ಚೆಂದವಾಗಿ ಬರೆಯುತ್ತೇನೆ, ಆಗ ಆ ನೆಲ ಕಂಡರಾಗುತ್ತಿರಲಿಲ್ಲ. ಅಡುಗೆಮನೆಯಂತೂ ಹಾಡಹಗಲೇ ಕತ್ತಲು. ಬೋಗಾದಿಯ ಹೊಸ ಬಡಾವಣೆಯಲ್ಲಿ, ಎತ್ತ ನೋಡಿದರೂ ಕಿಟಕಿಗಳಿದ್ದ ಒಂದು ಮನೆ ನೋಡಿ ಬಂದಿದ್ದೆವು. ನನ್ನ ಜೀವವೆಲ್ಲ ಅಲ್ಲಿತ್ತು. ಅತ್ತೆಯ ಜೀವ ಇಲ್ಲಿತ್ತು.

ಇಲವಾಲದಿಂದ ಸೈಕಲ್ಲಿನಲ್ಲಿ ಬಂದ ಮೇಸ್ತ್ರಿ ಅಂಗೈಯಿಂದ ನೆಲ ತಟ್ಟಿ, ಕಿವಿಯಿಟ್ಟು ಕೇಳಿದರು. ಬಚ್ಚಲ ನೀರು ವರ್ಷಗಟ್ಟಲೆ ಒಳಗೊಳಗೇ ಇಳಿದು ಪಾಯದಡಿಯ ಮಣ್ಣನ್ನು ಕೊಚ್ಚಿಹಾಕಿದೆ ಎಂದರು. ಮೊದಲು ಮೋರಿ ಸರಿಮಾಡಿದರು. ಆಮೇಲೆ ಗೋಡೆಯ ಬಿರುಕಿಗೆ ಅಡ್ಡಲಾಗಿ ಮೂರು ಗಾಜಿನ ಪಟ್ಟಿ ಅಂಟಿಸಿದರು.

"ಈ ಮಳೆಗಾಲ ಕಳೀಲಿ. ಗಾಜು ಅಂಗೇ ಇದ್ರೆ ಪಾಯ ನಿಂತದೆ ಅಂತ, ರಿಪೇರಿ ಮಾಡ್ಕೊಡ್ತೀನಿ. ಒಡುದ್ರೆ ಇನ್ನೂ ಕೂರ್ತಾ ಅದೆ ಅಂತ. ಆಗ ನಾನು ಕೈ ಹಾಕಕಿಲ್ಲ, ಕೆಡವ್ಬುಡಿ."

ಒಡೆದರೆ ಜಾಗ ಮಾರಿ ಬೋಗಾದಿಗೆ ಹೋಗುವುದೆಂದು ನನ್ನ ಗಂಡ ತೀರ್ಮಾನಿಸಿದರು. ಅತ್ತೆ ದಿನಾ ದೇವರಿಗೆ ದೀಪ ಹಚ್ಚಿ, ಮೂರು ಗಾಜನ್ನೂ ನೋಡಿ, ಆಮೇಲೆ ಕಾಫಿ ಕುಡಿಯುತ್ತಿದ್ದರು. ನಾನೂ ನೋಡುತ್ತಿದ್ದೆ. ಇಬ್ಬರ ಬೇಡಿಕೆಯೂ ಬೇರೆ ಬೇರೆ... ಆಷಾಢ ಕಳೆಯಿತು, ಶ್ರಾವಣವೂ ಮುಗಿಯುತ್ತ ಬಂತು. ಹಾಳಾದ್ದು, ಒಂದೂ ಒಡೆಯಲಿಲ್ಲ.

ಗೌರಿ ಹಬ್ಬಕ್ಕೆಂದು ಜೇಡರ ಬಲೆ ತೆಗೆಯುತ್ತಿದ್ದಾಗ ಕೋಲು ತಗುಲಿ ನಡುವಿನ ಗಾಜು ಒಡೆಯಿತು. ಕೈ ತಪ್ಪಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ತಪ್ಪಿರಲಿಲ್ಲ. ಬೇಕೆಂದೇ ಹೊಡೆದೆ.

ಮೇಸ್ತ್ರಿ ಬಂದರು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಏನಪ್ಪಾ ಮೇಸ್ತ್ರಿ, ನನ್ನ ಮನೆ ಹೋಯ್ತೇನಪ್ಪಾ?"

ಮೇಸ್ತ್ರಿ ಉಳಿದ ಚೂರುಗಳ ಮೇಲೆ ಬೆರಳಾಡಿಸಿದರು. ತುಂಬ ಹೊತ್ತು.

"ಗಾಜೇ ಸರಿಯಿಲ್ಲ ಕಣಮ್ಮ, ಹಳೇದು. ಮಿಕ್ಕಿದ್ದೆರಡೂ ಗಟ್ಟಿಯಾಗವೆ. ಪಾಯ ನಿಂತದೆ."

ಅತ್ತೆ ಅಲ್ಲೇ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹಿತ್ತಲಿಗೆ ಕಾಫಿ ತೆಗೆದುಕೊಂಡು ಹೋದೆ. ಮೇಸ್ತ್ರಿ ತಲೆಯೆತ್ತದೆ, "ಗೋಡೆ ಎಳುದ್ರೆ ಗಾಜು ಒಂದೇ ಗೆರೆ ಸೀಳ್ತದೆ ತಾಯಿ. ಇದು ಪುಡಿಪುಡಿ ಆಗ್ಬುಟ್ಟದೆ," ಎಂದರು.

"ಬಲೆ ತೆಗೆಯೋವಾಗ ಕೈ ತಪ್ಪಿತು," ಎಂದೆ.

"ಆಗ್ಲಿ ಬುಡಿ." ಎರಡು ಗುಟುಕು ಕುಡಿದು, "ಈ ಮನೇಲಿ ನಿಮ್ಗೇನ್ ಕಷ್ಟ?" ಎಂದು ಕೇಳಿದರು. ಮದುವೆಯಾದ ಮೇಲೆ ಹಾಗೆ ಯಾರೂ ಕೇಳಿರಲಿಲ್ಲ. "ಅಡುಗೆಮನೇಲಿ ಬೆಳಕೇ ಇಲ್ಲ ಮೇಸ್ತ್ರಿ," ಎಂದೆ. ಅಷ್ಟೇ ಬಂದದ್ದು.

ಆಮೇಲಿನ ದಿನಗಳು ಕನಸಿನ ಹಾಗೆ ಕಲಸಿಕೊಂಡಿವೆ. ಗೋಡೆಯಡಿ ಒಂದೇ ಮೊಳ ಅಗೆಯುವುದು, ಕಲ್ಲು ಕೂರಿಸುವುದು, ಅದು ಬಿಗಿಯುವ ತನಕ ಪಕ್ಕದ್ದನ್ನು ಮುಟ್ಟದೆ ದೂರದಲ್ಲಿ ಇನ್ನೊಂದು ಮೊಳ... ಮನೆಗೇ ಗೊತ್ತಾಗಬಾರದು ಎಂಬಷ್ಟು ಮೆಲ್ಲಗೆ. ನೆಲ ಕಿತ್ತು ಜಲ್ಲಿ ತುಂಬಿ ದಿಮ್ಮಸಿನಿಂದ ಬಡಿಯುವಾಗ, ಆ ಧಬ್ ಧಬ್ ಕೇಳುತ್ತ ನನಗೆ ಕೂತಲ್ಲೇ ಜೊಂಪು ಹತ್ತುತ್ತಿತ್ತು. ಕೊನೆಯ ವಾರ ಅಡುಗೆಮನೆಯ ಮೂಡಲ ಗೋಡೆಗೆ ಒಂದು ಕಿಟಕಿ ಇಟ್ಟರು. "ಗೋಡೆಗೆ ಗಾಳಿ ಬೇಕು ಕಣಮ್ಮ," ಎಂದು ಅತ್ತೆಯನ್ನು ಒಪ್ಪಿಸಿದವರೂ ಅವರೇ. ಉಳಿದೆರಡು ಗಾಜು ಕಿತ್ತು, ಬಿರುಕು ಮುಚ್ಚಿ, ಅದರ ಮೇಲೆ ಹೊಸ ಗಾಜೊಂದನ್ನು ಅಂಟಿಸಿ, ನನ್ನ ಕಡೆ ತಿರುಗಿ, "ಇದ್ನ ನೀವು ನೋಡ್ಕೊಳಿ ತಾಯಿ," ಎಂದರು.

ಆ ಕಿಟಕಿಯ ಬೆಳಕಿನಲ್ಲಿ ಅತ್ತೆಯೂ ನಾನೂ ಎಷ್ಟೋ ಚಳಿಗಾಲ ಕೂತು ಅವರೆಕಾಯಿ ಸುಲಿದೆವು. ಈಗ ಅತ್ತೆ ಇಲ್ಲ. ಈಚೆಗೆ ಇಲವಾಲಕ್ಕೆ ಹೋಗಿ ಮೇಸ್ತ್ರಿಯನ್ನು ವಿಚಾರಿಸಿದೆ. "ಅವ್ರೆಲ್ಲವ್ರೆ ಅಮ್ಮ, ತೀರ್ಕೊಂಡು ಬಾಳ ವರ್ಸ ಆಯ್ತು," ಎಂದರು ಟೀ ಅಂಗಡಿಯವರು. ಇಲವಾಲವೇನು ದೂರವೇ? ತಡ ಮಾಡಿದವಳು ನಾನು.

ಇವತ್ತು ಬಣ್ಣದವರು ಊಟಕ್ಕೆ ಹೋದ ಮೇಲೆ ಗಾಜಿನ ಧೂಳು ಒರೆಸಿದೆ. ಒಂದು ಗೆರೆಯೂ ಇಲ್ಲ. "ಕೈ ತಪ್ಪಿರಲಿಲ್ಲ ಮೇಸ್ತ್ರಿ, ನಾನೇ ಒಡೆದೆ," ಎಂದೆ, ಜೋರಾಗಿಯೇ.

ಆಗ್ಲಿ ಬುಡಿ ಅನ್ನಲು ಯಾರೂ ಇರಲಿಲ್ಲ.